ಚರೆ ಕೋವಿಯ ಅಭ್ಯಾಸಕ್ಕೆ ಮತ್ತೆ ಮತ್ತೆ ಬಳಸಬಹುದಾದ ಗುರಿಗಳು: ಒಂದು ಹೋಲಿಕೆ

ಕೊಡವರಿಗೂ ಕೊಡಗಿನ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಶಸ್ತ್ರ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. ಆ ವಿನಾಯಿತಿಯ ಬಲದಿಂದ ನಮ್ಮ ಮನೆಯಲ್ಲಿಯೂ ಅಜ್ಜನ ಕಾಲದ ಜೋಡಿ ನಳಿಗೆಯ ಹನ್ನೆರಡು ಬೋರಿನ ಕೋವಿಯೊಂದಿದೆ; ಒಂದೇ ಈಡಿಗೆ ಚರೆ, ಅಂದರೆ ಸೀಸದ ಸಣ್ಣ ಗುಂಡುಗಳ ಗುಂಪನ್ನೇ, ಹಾರಿಸುವಂಥದ್ದು. ಬಹುಕಾಲ ಅದು ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್‌ನ ದಿನ ತೋಕ್ ಪೂ ಎಂಬ ಹೂ ಮುಡಿದು, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಒಂದೆರಡು ಈಡು ಹಾರಿಸಿ, ಮತ್ತೆ ಬೀರು ಸೇರುತ್ತಿತ್ತು. ವರ್ಷಕ್ಕೆ ಎರಡು ಈಡಿನಿಂದ ಯಾರ ಕೈಯೂ ಪಳಗುವುದಿಲ್ಲ. ಆದ್ದರಿಂದ ಕಳೆದ ಮೂರು ಬೇಸಿಗೆಗಳಲ್ಲಿ, ಭತ್ತ ಕೊಯ್ದು ಖಾಲಿಯಾದ ಗದ್ದೆಯಲ್ಲಿ, ಎತ್ತರದ ಮಣ್ಣಿನ ಬರೆಯನ್ನು ಹಿನ್ನೆಲೆಯಾಗಿಟ್ಟುಕೊಂಡು ನಾನು ಐದು ಬಗೆಯ ಗುರಿಗಳನ್ನು ಬಳಸಿ ನೋಡಿದ್ದೇನೆ. ಒಬ್ಬನೇ ಹತ್ತು ನಿಮಿಷದೊಳಗೆ ಹೂಡಲು ಆಗಬೇಕು, ನೂರಾರು ಈಡು ತಾಳಬೇಕು, ಏಟು ಎಲ್ಲಿ ಬಿತ್ತೆಂಬುದನ್ನು ಗುರಿಯೇ ತಿಳಿಸಬೇಕು ಎಂಬ ಮೂರು ಅಪೇಕ್ಷೆಗಳು ನನ್ನವು.

ಗಾಳಿಯಲ್ಲಿ ಎಸೆದು ಹೊಡೆಯುವ, ಏಟಿಗೆ ಒಡೆಯುವ ಕ್ಲೇ ಬಿಲ್ಲೆಯನ್ನು ಈ ಹೋಲಿಕೆಗೆ ಸೇರಿಸಿಲ್ಲ. 110 ಮಿಲಿಮೀಟರ್ ಅಗಲದ, ಸುಮಾರು 105 ಗ್ರಾಂ ತೂಗುವ ಆ ಬಿಲ್ಲೆ ಹಾರುವ ಗುರಿಗೆ ಇಂದಿಗೂ ಸರಿಸಾಟಿಯಿಲ್ಲದ್ದು ನಿಜ, ಆದರೆ ಅದು ಒಂದೇ ಏಟಿಗೆ ಮುಗಿಯುತ್ತದೆ, ಅದನ್ನು ಎಸೆಯಲು ಯಂತ್ರವೋ ಇನ್ನೊಬ್ಬರೋ ಬೇಕು, ಚೂರುಗಳು ಗದ್ದೆಯಲ್ಲಿಯೇ ಉಳಿಯುತ್ತವೆ.

ಮೊದಲು ತರಿಸಿದ್ದು ತಾನಾಗಿ ಮುಚ್ಚಿಕೊಳ್ಳುವ ರಬ್ಬರಿನಂಥ ವಸ್ತುವಿನ ಘನಾಕೃತಿ. ಹೂಡುವ ಕೆಲಸವೇ ಇಲ್ಲ, ನೆಲದ ಮೇಲೆ ಎಸೆದರೆ ಸಾಕು, ಏಟು ತಗುಲಿದಾಗ ನೆಗೆದು ಬೇರೆಡೆ ಬೀಳುತ್ತದೆ. ಒಂಟಿ ಗುಂಡಿನ ರೈಫಲ್ಲಿಗೆ ಅದು ಹೊಂದಬಹುದು; ಚರೆಗೆ ಹೊಂದಲಿಲ್ಲ. ಗುಂಡು ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಟರೆ ತೂತು ಮುಚ್ಚಿಕೊಳ್ಳುತ್ತದೆ, ಆದರೆ ಸಣ್ಣ ಚರೆಗಳು ಒಳಗೇ ನಿಂತುಬಿಡುತ್ತವೆ. ನಲವತ್ತು ಈಡಿನೊಳಗೆ ನನ್ನ ಘನದ ಮೂಲೆಗಳು ಹರಿದವು, ಸೀಸ ತುಂಬಿ ಅದು ಭಾರವಾಗಿ ನೆಗೆಯುವುದನ್ನೂ ಬಿಟ್ಟಿತು.

ತಿರುಗುವ ಬಿಲ್ಲೆಗಳ ಚೌಕಟ್ಟು ನೋಡಲು ಚೆಂದ, ಎರಡು ಕಾಲುಗಳನ್ನು ಮಣ್ಣಿಗೆ ತುಳಿದರೆ ಸಿದ್ಧ. ಆದರೂ ಅದು ನನ್ನ ಅಭ್ಯಾಸವನ್ನು ಕೆಡಿಸಿತೆಂದೇ ಹೇಳಬೇಕು. ಇಪ್ಪತ್ತು ಮೀಟರಿನಲ್ಲಿ ಚರೆಯ ಗುಂಪು ಮೊರದಗಲಕ್ಕಿಂತ ಹೆಚ್ಚು ಹರಡಿರುತ್ತದೆ; ಆ ಗುಂಪಿನ ಅಂಚಿನ ನಾಲ್ಕು ಚರೆ ತಗುಲಿದರೂ ಬಿಲ್ಲೆ ತಿರುಗುತ್ತದೆ. ಸರಿಯಾದ ಏಟಿಗೂ ತಪ್ಪಿದ ಏಟಿಗೂ ಒಂದೇ ಉತ್ತರ ಕೊಡುವ ಗುರಿಯಿಂದ ಕಲಿಯುವುದೇನೂ ಇಲ್ಲ.

ಈ ಕೊರತೆಯನ್ನು ನೀಗಿಸಿದ್ದು ಬೀಳುವ ಕಬ್ಬಿಣದ ಬಿಲ್ಲೆ. 20 ಸೆಂಟಿಮೀಟರ್ ಅಗಲ, 10 ಮಿಲಿಮೀಟರ್ ದಪ್ಪದ, ಎರಡೂವರೆ ಕಿಲೋದಷ್ಟು ತೂಗುವ ಮೂರು ದುಂಡು ಬಿಲ್ಲೆಗಳನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕೀಲಿನ ಮೇಲೆ ಕೂರಿಸಿ, ಅಡಿಗೆ ಅಗಲವಾದ ಪಟ್ಟಿ ಬೆಸೆಸಿದೆ. ಕೀಲಿನ ಹಿಂದಿರುವ ಬೋಲ್ಟನ್ನು ತಿರುಗಿಸಿದರೆ ಬಿಲ್ಲೆಯ ಓಲುವಿಕೆ ಬದಲಾಗುತ್ತದೆ. ಇದರ ಬೆಲೆಯೆಲ್ಲ ಆ ಬೋಲ್ಟಿನಲ್ಲಿದೆ, ಏಕೆಂದರೆ ಅದನ್ನು ಸರಿಯಾಗಿ ಹೊಂದಿಸಿದರೆ ಗುಂಪಿನ ಅಂಚು ತಗುಲಿದಾಗ ಬಿಲ್ಲೆ ಅಲುಗಿ ನಿಲ್ಲುತ್ತದೆ, ನಡುಭಾಗ ತಗುಲಿದಾಗ ಮಾತ್ರ ಮಲಗುತ್ತದೆ. ನಾನು ಮೊದಲು ಮಾಡಿಸಿದ ಬಿಲ್ಲೆಗಳಿಗೆ ಬೋಲ್ಟ್ ಇರಲಿಲ್ಲ. ಗಾಳಿಗೂ ಬೀಳುತ್ತಿದ್ದ ಅವನ್ನು ಮತ್ತೆ ಅಂಗಡಿಗೆ ಹೊರಬೇಕಾಯಿತು. ಬಿದ್ದ ಬಿಲ್ಲೆಯನ್ನು ಎತ್ತಿ ನಿಲ್ಲಿಸಲು ನಡೆಯುವ ಬದಲು ಹಿಂದಿನಿಂದ ಹಗ್ಗ ಕಟ್ಟಿ ಎಳೆಯಬಹುದು, ಆದರೆ ಆ ನಡಿಗೆಯಿಂದ ಕೋವಿ ಮಡಿಚಿ ಬರಿದಾಗಿಸುವ ಶಿಸ್ತು ಉಳಿಯುತ್ತದೆಂದು ನಾನು ಹಗ್ಗ ಕಟ್ಟಿಲ್ಲ.

ಕಬ್ಬಿಣದ ವಿಚಾರದಲ್ಲಿ ಕೆಲವು ಮಾತು ಒತ್ತಿ ಹೇಳಲೇಬೇಕು. ಈ ಬಿಲ್ಲೆಗಳಿಗೆ ಸೀಸದ ಸಣ್ಣ ಚರೆ ಮಾತ್ರ ತಕ್ಕದ್ದು. ದಪ್ಪ ಚರೆಯ ಎಲ್‌ಜಿ, ಎಸ್‌ಜಿ ತೋಟಾಗಳಾಗಲಿ ಒಂಟಿ ಗುಂಡಾಗಲಿ ಸಾಮಾನ್ಯ ಕಬ್ಬಿಣದಲ್ಲಿ ಕುಳಿ ಮಾಡುತ್ತವೆ, ಮುಂದೆ ಅದೇ ಕುಳಿ ಸೀಸವನ್ನು ಹೊಡೆದವನ ಕಡೆಗೇ ತಿರುಗಿಸುತ್ತದೆ. ಉಕ್ಕಿನ ಚರೆಯಂತೂ ಚಪ್ಪಟೆಯಾಗದೆ ನೇರವಾಗಿ ಪುಟಿದು ಬರುತ್ತದೆ. ಬಿಲ್ಲೆಯ ಮುಖ ತುಸು ನೆಲದ ಕಡೆಗೆ ಬಾಗಿರಬೇಕು, ಅಂತರ ಇಪ್ಪತ್ತು ಮೀಟರಿಗೆ ಕಡಿಮೆಯಾಗದಿರಲಿ, ಕಣ್ಣಿಗೆ ಕನ್ನಡಕವೂ ಕಿವಿಗೆ ಮುಚ್ಚಿಗೆಯೂ ತಪ್ಪದಿರಲಿ. ಸಣ್ಣ ಚರೆಯೂ ಎತ್ತಿ ಹಾರಿಸಿದರೆ 200 ಮೀಟರಿನಾಚೆ ಹೋಗುತ್ತದೆ, ಆದ್ದರಿಂದ ಬರೆಯಿಲ್ಲದ ಬಯಲಿನಲ್ಲಿ ಇದಾವುದೂ ಕೂಡದು.

ನಾಲ್ಕನೆಯದು ಸುಣ್ಣ ಬಳಿದ ತಗಡು. 1.2 ಮೀಟರ್ ಚೌಕದ, 3 ಮಿಲಿಮೀಟರ್ ದಪ್ಪದ ಇದು ಸುಮಾರು 35 ಕಿಲೋ ತೂಗುವುದರಿಂದ ಸಾಗಿಸಲು ಇಬ್ಬರು ಬೇಕು. ಹೂಡುವ ಸುಲಭತೆಯಲ್ಲಿ ಇದೇ ಕೊನೆಯದು. ಪ್ರತಿ ಈಡಿನ ನಂತರ ಬ್ರಷ್ಷಿನಿಂದ ಸುಣ್ಣ ಹಚ್ಚಬೇಕು, ಮಳೆ ಬಂದರೆ ಸುಣ್ಣ ನಿಲ್ಲದು. ಇಷ್ಟಿದ್ದರೂ ನನಗೆ ಅತಿ ಹೆಚ್ಚು ಕಲಿಸಿದ್ದು ಈ ತಗಡೇ. ಒಂದೊಂದು ಚರೆಯೂ ಬಿಳಿಯ ಮೇಲೆ ಕಪ್ಪು ಚುಕ್ಕೆಯಾಗಿ ಮೂಡುವುದರಿಂದ ಗುಂಪು ಎಲ್ಲಿ ದಟ್ಟ, ಎಲ್ಲಿ ಬರಿದು ಎಂಬುದನ್ನು ಎಣಿಸಿ ನೋಡಬಹುದು. 40 ಗಜ ದೂರದಿಂದ ಹೊಡೆದು, ಗುಂಪಿನ ಸುತ್ತ 30 ಅಂಗುಲದ ವೃತ್ತ ಎಳೆದು, ಅದರೊಳಗಿನ ಚುಕ್ಕೆಗಳನ್ನು ಎಣಿಸುವುದು ಕೋವಿ ಪರೀಕ್ಷೆಯ ಹಳೆಯ ಕ್ರಮ. ಚೋಕ್ ಎಂದರೆ ನಳಿಗೆಯ ಬಾಯಿಯ ಕಿರಿದಾಗುವಿಕೆ; ಅದು ಹೆಚ್ಚಾಗಿರುವ ಫುಲ್ ಚೋಕ್ ನಳಿಗೆಯಾದರೆ ತೋಟಾದ ಚರೆಗಳಲ್ಲಿ ಸುಮಾರು ನೂರಕ್ಕೆ 70, ಚೋಕ್ ಇಲ್ಲದ ನಳಿಗೆಯಾದರೆ 40 ವೃತ್ತದೊಳಗೆ ಬೀಳಬೇಕು. ನಮ್ಮ ಕೋವಿಯ ಎಡ ನಳಿಗೆ ಗುರಿಗಿಂತ ಒಂದು ಗೇಣು ಮೇಲಕ್ಕೆ ಹೊಡೆಯುತ್ತದೆಂದು ಮೂವತ್ತು ವರ್ಷ ಅದನ್ನು ಹಿಡಿದ ಅಪ್ಪನಿಗೂ ತಿಳಿದಿರಲಿಲ್ಲ. ತಗಡಿನ ಮುಂದೆ ನಾಲ್ಕನೇ ಈಡಿಗೆ ಅದು ಇಬ್ಬರಿಗೂ ತಿಳಿಯಿತು.

ಇವೆಲ್ಲ ನಿಂತ ಗುರಿಗಳು. ಚಲಿಸುವ ಗುರಿಯ ಮುಂದಕ್ಕೆ ಕೋವಿಯನ್ನು ಒಯ್ಯುವ ಅಭ್ಯಾಸಕ್ಕಾಗಿ ಹಳೆಯ ಕಾರಿನ ಟೈರಿನ ನಡುವೆ ರಟ್ಟಿನ ಬಿಲ್ಲೆ ಸಿಕ್ಕಿಸಿ, ಬರೆಯ ಬುಡದಲ್ಲಿ ಓರೆಯಾಗಿ ಇಳಿಯುವ ಬದುವಿನಿಂದ ಉರುಳಿಸಿದೆ. ಬದುವಿನ ಮೇಲೆ ಯಾರನ್ನೂ ನಿಲ್ಲಿಸದೆ, ಟೈರಿಗೆ ಗೂಟದ ತಡೆ ಕೊಟ್ಟು, ಕೋವಿ ಹಿಡಿದವನ ಹಿಂದೆ ನಿಂತವರು ಉದ್ದನೆಯ ಹಗ್ಗದಿಂದ ಗೂಟ ಕೀಳುವಂತೆ ಮಾಡಿದರೆ ಅಪಾಯವಿಲ್ಲ. ಟೈರು ಗುಜರಿಯಲ್ಲಿ ಸಿಗುತ್ತದೆ, ಬದಲಾಯಿಸಬೇಕಾದದ್ದು ರಟ್ಟು ಮಾತ್ರ, ಅದರ ತೂತುಗಳೇ ನಾವು ಹಿಂದುಳಿದೆವೋ ಮುಂದೆ ಹೋದೆವೋ ಎಂಬುದನ್ನು ಹೇಳುತ್ತವೆ.

ಒಂದನ್ನೇ ಕೊಳ್ಳುವವರಿಗೆ ಬೋಲ್ಟ್ ಇರುವ ಬೀಳುವ ಬಿಲ್ಲೆಯನ್ನೇ ಹೇಳುತ್ತೇನೆ. ತಗಡನ್ನು ನಾಲ್ಕು ಮನೆಯವರು ಸೇರಿ ಒಂದನ್ನು ಇಟ್ಟುಕೊಂಡರೆ ಸಾಕು, ಏಕೆಂದರೆ ವರ್ಷಕ್ಕೆ ಒಂದೆರಡು ಬಾರಿ ಅದರ ಮುಂದೆ ನಿಂತರೆ ಕೋವಿಯ ಗುಣ ತಿಳಿಯುತ್ತದೆ. ಯಾವುದನ್ನು ಬಳಸಿದರೂ ಗುರಿಯ ಕೆಳಗೆ ಹಳೆಯ ಟಾರ್ಪಾಲು ಹಾಸಿ, ಉದುರಿದ ಸೀಸವನ್ನು ಅಂದೇ ಕೂಡಿಸಿ ಡಬ್ಬಿಗೆ ತುಂಬಿ, ಕೈ ತೊಳೆದು ಮನೆ ಸೇರಿ. ಮುಂಗಾರು ಹಿಡಿದ ಮೇಲೆ ಗದ್ದೆಯ ನೀರೆಲ್ಲ ತೋಡಿಗೆ ಇಳಿಯುತ್ತದೆ, ಆ ತೋಡಿನ ನೀರನ್ನು ಕೆಳಗಿನ ಮನೆಗಳ ದನಗಳು ಕುಡಿಯುತ್ತವೆ.