ಪುಷ್ಪಕ ಸಿಕ್ಕಿತು ಅಂತ 43,000 ರೂಪಾಯಿ ಕಳೆದುಕೊಂಡೆ

ಹಳೇ ವಿಮಾನ ಹುಡುಕುವ ಹುಚ್ಚಿರುವವರು ಇದನ್ನು ಪೂರ್ತಿ ಓದಿ. ಮುಖ್ಯವಾಗಿ, ಗುಜರಿಯವರ ಹತ್ತಿರ ನಂಬರ್ ಕೊಟ್ಟಿಟ್ಟಿರುವವರು.

ನಾನು ದಾವಣಗೆರೆಯವನು. ರಾತ್ರಿ ಊಟ ಆದ ಮೇಲೆ ಮನೆಯವರು ಸೀರಿಯಲ್ ನೋಡುತ್ತಾರೆ. ನಾನು ಜಗತ್ತಿನಲ್ಲಿ ಯಾವ ಹಳೇ ವಿಮಾನ ಎಲ್ಲಿ ಉಳಿದಿದೆ ಅಂತ ಹುಡುಕಿ ಪಟ್ಟಿ ಮಾಡುತ್ತೇನೆ. ನಗಬೇಡಿ. ಎರಡನೇ ಮಹಾಯುದ್ಧ ಮುಗಿದಾಗ ಕಾನ್ಪುರದಲ್ಲಿದ್ದ ಲಿಬರೇಟರ್ ಬಾಂಬರ್‌ಗಳನ್ನು ಮತ್ತೆ ಹಾರದ ಹಾಗೆ ಕೆಡಿಸಿ ಬಿಟ್ಟಿದ್ದರು. ಬೆಂಗಳೂರಿನ ಎಚ್‌ಎಎಲ್‌ನವರು ಅವನ್ನೇ ರಿಪೇರಿ ಮಾಡಿ ಹಾರಿಸಿದರು. 1968ರವರೆಗೂ ಅವು ನಮ್ಮ ವಾಯುಪಡೆಯಲ್ಲಿದ್ದವು. ಬ್ರಿಟನ್ನಿನ ವಾಯುಪಡೆಯ (ಆರ್‌ಎಎಫ್) ಮ್ಯೂಸಿಯಂನಲ್ಲಿರುವ ಲಿಬರೇಟರ್ ಇಲ್ಲಿಂದಲೇ ಹೋದದ್ದು. ಇಂಥ ಕತೆ ಓದಿದವನಿಗೆ ಬೀಗ ಹಾಕಿದ ಯಾವ ಶೆಡ್ ನೋಡಿದರೂ ಒಳಗೆ ವಿಮಾನ ಇರಬಹುದು ಅನ್ನಿಸುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ಪುಷ್ಪಕ. ಎಚ್‌ಎಎಲ್ ಮಾಡಿದ ಎರಡು ಸೀಟಿನ ಪುಟ್ಟ ವಿಮಾನ, 1958ರಲ್ಲಿ ಮೊದಲ ಸಲ ಹಾರಿತು. ಉಕ್ಕಿನ ಪೈಪಿನ ಹಂದರ, ಮೇಲೆ ಬಟ್ಟೆಯ ಹೊದಿಕೆ, 90 ಕುದುರೆ ಶಕ್ತಿಯ ಎಂಜಿನ್. ಸುಮಾರು 150 ತಯಾರಾದವು, ಹೆಚ್ಚಿನವು ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋದವು.

ಒಂದು ದಿನ ವಾಟ್ಸಾಪ್‌ಗೆ ಮೆಸೇಜ್ ಬಂತು. "ಸಾರ್, ಚಳ್ಳಕೆರೆ ಹತ್ರ ನಮ್ಮ ಮಾವನ ಗೋಡೌನಲ್ಲಿ ಹಳೇ ಇಮಾನ ಐತೆ. ಗುಜರಿಗೆ ಹಾಕೋಣ ಅಂತಿದ್ವಿ." ಜೊತೆಗೊಂದು ಮಸುಕು ಫೋಟೋ. ಮರದ ಹಲಗೆ ಗೋಡೆ, ಧೂಳು, ಮೂಲೆಯಲ್ಲಿ ವಿಮಾನ.

ನಾನು ಹುಚ್ಚನ ಹಾಗೆ ಕೇಳಲು ಶುರು ಮಾಡಿದೆ. ರೆಕ್ಕೆ ಮೇಲ್ಗಡೆ ಇದೆಯಾ? ಹೌದು ಸಾರ್. ಸೀಟು ಅಕ್ಕಪಕ್ಕ ಇವೆಯಾ? ಹೌದು ಸಾರ್. ಬಾಲದ ಕೆಳಗೆ ಪುಟ್ಟ ಚಕ್ರ? ಐತೆ ಸಾರ್. ತಯಾರಕರ ಪ್ಲೇಟ್ ಇದೆಯಾ? "ಯಾವ ಪ್ಲೇಟ್ ಸಾರ್?" ಅಂದ. ಕಂಪನಿ ಹೆಸರು, ಮಾಡೆಲ್, ನಂಬರ್, ವರ್ಷ ಇರುತ್ತೆ ಅಂತ ಬಿಡಿಸಿ ಹೇಳಿದೆ. ಎರಡು ದಿನ ಬಿಟ್ಟು ಪ್ಲೇಟಿನ ಫೋಟೋ ಬಂತು! ಕಳ್ಳನಿಗೆ ಕೂತು ಪಾಠ ಹೇಳಿಕೊಟ್ಟೆ ಅಂತ ಈಗ ಗೊತ್ತಾಗುತ್ತದೆ.

ಪ್ಲೇಟಿಗೆ ಯಾಕೆ ಅಷ್ಟು ಆಸೆ ಅಂತ ಕೇಳಬಹುದು. ಹಳೇ ವಿಮಾನದ ವ್ಯವಹಾರದಲ್ಲಿ ಪ್ಲೇಟೇ ಜನ್ಮಪತ್ರ. ಮುಕ್ಕಾಲು ಭಾಗ ಹೊಸದಾಗಿ ಕಟ್ಟಿದ್ದರೂ ಮೂಲ ಪ್ಲೇಟ್ ಇದ್ದರೆ ಅದೇ ವಿಮಾನ ಅಂತ ಒಪ್ಪುವವರಿದ್ದಾರೆ.

ಪ್ಲೇಟಿಗೆ 15,000 ಹಾಕಿದೆ. ಕೊರಿಯರ್‌ನಲ್ಲಿ ಬಂತು. ಅದರ ಮೇಲೆ ವರ್ಷ 1960, ಹೆಸರು ಹಿಂದೂಸ್ತಾನ್ ಏರೋನಾಟಿಕ್ಸ್. ಇಲ್ಲೇ ನಿಲ್ಲಬೇಕಿತ್ತು ನಾನು. ಆ ಹೆಸರು ಬಂದದ್ದೇ 1964ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮೊದಲು ಅದು ಹಿಂದೂಸ್ತಾನ್ ಏರ್‌ಕ್ರಾಫ್ಟ್. ಎರಡಕ್ಕೂ ಎಚ್‌ಎಎಲ್ ಅಂತಲೇ ಅನ್ನುವುದರಿಂದ ಗೊತ್ತಿಲ್ಲದವರು ತಪ್ಪುತ್ತಾರೆ. ನನಗೆ ಗೊತ್ತಿತ್ತು. ಆದರೂ "ಆಮೇಲೆ ಯಾವಾಗಲೋ ರಿಪೇರಿಯಲ್ಲಿ ಪ್ಲೇಟ್ ಬದಲಿಸಿರಬಹುದು" ಅಂತ ಅವನ ಪರವಾಗಿ ನಾನೇ ವಾದ ಮಾಡಿಕೊಂಡೆ. ಎನ್‌ಓಸಿಗೆ, ಲಾರಿ ಅಡ್ವಾನ್ಸಿಗೆ ಅಂತ ಇನ್ನೂ 28,000 ಕಳಿಸಿದೆ.

ಭಾನುವಾರ ಭಾಮೈದನ ಕಾರಿನಲ್ಲಿ ಹೊರಟೆವು. ಚಿತ್ರದುರ್ಗ ದಾಟಿ ಚಳ್ಳಕೆರೆಗೆ ಹತ್ತಿರ 90 ಕಿಲೋಮೀಟರ್. ಗೋಡೌನ್ ಏನೋ ನಿಜಕ್ಕೂ ಇತ್ತು. ಒಳಗೆ ಶೇಂಗಾ ಚೀಲ. ಅಲ್ಲಿದ್ದ ಯಜಮಾನರು ನಮ್ಮ ಮಾತು ಪೂರ್ತಿ ಕೇಳಿ, "ಇಮಾನ ನೋಡ್ಬೇಕಂದ್ರೆ ಡಿಆರ್‌ಡಿಓ ಕಡೆ ಹೋಗ್ರಿ ಸ್ವಾಮಿ, ಅಲ್ಲಿ ಮ್ಯಾಲೆ ಹಾರ್ತಾವೆ" ಅಂದರು.

ವಾಪಸ್ ಬರುವಾಗ ಸಮಾಧಾನಕ್ಕೆ ಬರ್ಮಾದ ಕತೆ ಹೇಳಿದೆ. ಡೇವಿಡ್ ಕಂಡಾಲ್ ಅನ್ನುವ ಇಂಗ್ಲಿಷ್ ರೈತ, ಯುದ್ಧದಲ್ಲಿ ಹೂತಿಟ್ಟ ಸ್ಪಿಟ್‌ಫೈರ್ ಯುದ್ಧವಿಮಾನಗಳಿವೆ ಅಂತ ವರ್ಷಗಟ್ಟಲೆ ಅಲೆದ. 2013ರಲ್ಲಿ ಯಾಂಗೋನ್ ವಿಮಾನ ನಿಲ್ದಾಣದಲ್ಲಿ ಅಗೆದರು, ಒಂದೂ ಸಿಗಲಿಲ್ಲ. ಭಾಮೈದ ಕೇಳಿಸಿಕೊಂಡು, "ಅವರು ಅಗೆದಾದ್ರೂ ನೋಡಿದ್ರು ಭಾವ" ಅಂದ.

ರಾತ್ರಿ ಫೋಟೋ ದೊಡ್ಡದು ಮಾಡಿ ನೋಡಿದೆ. ಎಡಗಡೆ ಗೋಡೆಯಲ್ಲಿ ಒಂದು ಪ್ಲಗ್ ಪಾಯಿಂಟ್. ನಮ್ಮ ಹಾಗೆ ಮೂರು ದುಂಡು ತೂತು ಅಲ್ಲ, ಎರಡು ಸೀಳು. ಅಮೆರಿಕದ್ದು. ಪುಷ್ಪಕಕ್ಕೆ ಮೂಲ ಅಮೆರಿಕದ ಏರೋಂಕಾ ಚೀಫ್, ಎರಡೂ ನೋಡಲು ಅವಳಿ ಇದ್ದ ಹಾಗೆ. ಅಲ್ಲಿನ ಯಾರದೋ ಶೆಡ್ಡಿನ ಚೀಫ್ ಫೋಟೋವನ್ನು ನನಗೆ ಪುಷ್ಪಕ ಅಂತ ತೋರಿಸಿದ್ದ. ಗೂಗಲ್‌ನಲ್ಲಿ ಫೋಟೋ ಹಾಕಿ ಹುಡುಕುವುದು ಎರಡು ನಿಮಿಷದ ಕೆಲಸ, ಮಾಡಿರಲಿಲ್ಲ.

ಯಾರಾದರೂ ವಿಮಾನ ಇದೆ ಅಂದರೆ ಏನಿರಬೇಕು ಅಂತ ನೀವು ಹೇಳಬೇಡಿ, ಅವರ ಬಾಯಿಂದಲೇ ಬರಲಿ. ವಿಟಿ ಅಂತ ಶುರುವಾಗುವ ವಿಮಾನದ ನೋಂದಣಿ ನಂಬರ್ ಕೇಳಿ. ಅವತ್ತಿನ ಪೇಪರ್ ಪಕ್ಕದಲ್ಲಿಟ್ಟು ವಿಡಿಯೋ ಕಳಿಸಲು ಹೇಳಿ. ಮುಟ್ಟಿ ನೋಡುವ ಮುಂಚೆ ಒಂದು ರೂಪಾಯಿಯೂ ಬೇಡ. ಮೋಸ ಆಯಿತು ಅಂತ ಗೊತ್ತಾದ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾನು ನಾಚಿಕೆಯಿಂದ ನಾಲ್ಕು ದಿನ ಸುಮ್ನೆ ಕೂತೆ, ಅಷ್ಟರಲ್ಲಿ ಆ ಖಾತೆ ಖಾಲಿಯಾಗಿತ್ತು.

ಆ ನಾಲ್ಕು ದಿನದಲ್ಲಿ ಮಾಡಿದ ಒಂದೇ ಕೆಲಸ, ಅವನಿಗೆ ಫೋನ್ ಮಾಡಿ ಬೈದದ್ದು. ಪ್ಲಗ್ ಪಾಯಿಂಟಿನ ವಿಷಯ, ಪ್ಲೇಟಿನ ಹೆಸರಿನ ವಿಷಯ, ಎಲ್ಲ ಹೇಳಿ ಬೈದೆ. ಅವನು "ಆಯ್ತು ಸಾರ್" ಅಂತ ಫೋನ್ ಇಟ್ಟ.

ಹೋದ ವಾರ ಅದೇ ಫೋಟೋ ಶಿವಮೊಗ್ಗದ ಗೆಳೆಯರೊಬ್ಬರಿಗೆ ಬಂದಿದೆ. ಈ ಸಲ ಗೋಡೌನ್ ಹೊಸದುರ್ಗದ ಹತ್ತಿರವಂತೆ. ಎಡಗಡೆ ಗೋಡೆ ಕತ್ತರಿಸಿದ್ದಾನೆ. ಪ್ಲೇಟಿನ ಮೇಲೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಅಂತ ಸರಿಯಾಗಿ ಬರೆಸಿದ್ದಾನೆ.