ಬಾಡಿಗೆಯ ತೋಟದ ಮನೆಗೆ ನೆಲಹಾಸು: ಮಳೆಗಾಲಗಳು ಕಳೆದ ಮೇಲಿನ ವಿಮರ್ಶೆ

ಅತಿಥಿಗಳಿಗೆ ಬಾಡಿಗೆಗೆ ಕೊಡುವ ಮನೆಗೆಂದು ಕಾರ್ಪೆಟ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಅದನ್ನು ಅಂಗೈಯಿಂದ ಸವರುತ್ತಾರೆ, ಬರಿಗಾಲಿನಲ್ಲಿ ತುಳಿಯುತ್ತಾರೆ. ಎತ್ತಿ ನೋಡುವವರು ಕಡಿಮೆ. ನೀರು ಕುಡಿದ ಮೇಲೆ ಇದು ಎಷ್ಟು ಭಾರವಾಗುತ್ತದೆ, ಆಗ ಅದನ್ನು ಎತ್ತುವವರು ಯಾರು, ಯಾವ ಹಗ್ಗದ ಮೇಲೆ ಒಣಗಬೇಕು? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆ ಬಣ್ಣ, ಮೃದುತ್ವ, ಗೋಡೆಗೆ ಹೊಂದುವ ವಿನ್ಯಾಸದ ಮಾತು.

ನಮ್ಮ ಮನೆ ಇರುವುದು ತುಮಕೂರು ಬಳಿಯ ದೇವರಾಯನದುರ್ಗದ ಬುಡದಲ್ಲಿ. ಎರಡು ಮಲಗುವ ಕೋಣೆ, ಒಂದು ನಡುಮನೆ, ಉದ್ದನೆಯ ಜಗುಲಿ. ನೆಲ ಹಳೆಯ ಕಾಲದ ರೆಡ್ ಆಕ್ಸೈಡ್. ಬೇಸಿಗೆಯಲ್ಲಿ ಹಿತ, ಡಿಸೆಂಬರ್ ಬೆಳಗಿನಲ್ಲಿ ಪಾದ ಇಡಲಾಗದಷ್ಟು ತಣ್ಣಗೆ. ಬರುವವರಲ್ಲಿ ಹೆಚ್ಚಿನವರು ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿನವರು. ಭೋಗಾನರಸಿಂಹ, ಯೋಗಾನರಸಿಂಹ ದೇವಸ್ಥಾನಗಳನ್ನು ನೋಡಿ, ನಾಮದ ಚಿಲುಮೆಗೆ ಹೋಗಿ, ಬೂಟಿನ ತುಂಬ ಕೆಂಪು ಮಣ್ಣು ಹೊತ್ತು ಸಂಜೆ ಮರಳುತ್ತಾರೆ. ಯಾವುದು ಉಳಿಯುತ್ತದೆ ಎಂದು ನೋಡಲೆಂದೇ ಒಂದೊಂದು ಕಡೆ ಒಂದೊಂದು ಬಗೆಯ ಹಾಸು ಹಾಕಿದೆ. ಎಲ್ಲವನ್ನೂ ಕೈಯಿಂದ ದುಡ್ಡು ಕೊಟ್ಟೇ ಕೊಂಡಿದ್ದೇನೆ.

ನಡುಮನೆಗೆ ಹಾಕಿದ್ದು ಯಂತ್ರದಲ್ಲಿ ನೇಯ್ದ ಪಾಲಿಪ್ರೊಪಿಲೀನ್ ಕಾರ್ಪೆಟ್, 6 ಅಡಿ ಅಗಲ, 9 ಅಡಿ ಉದ್ದ. ದೂರದಿಂದ ನೋಡಿದರೆ ಪರ್ಷಿಯಾದ ರತ್ನಗಂಬಳಿ, ಹತ್ತಿರ ಹೋದರೆ ಪ್ಲಾಸ್ಟಿಕ್. ಆದರೆ ಈ ಪ್ಲಾಸ್ಟಿಕ್ಕಿನ ಒಂದು ಗುಣವನ್ನು ಹೊಗಳಲೇಬೇಕು: ಎಳೆ ನೀರನ್ನು ಹೀರುವುದೇ ಇಲ್ಲವೆನ್ನಬಹುದು. ಚಹಾ, ಹಣ್ಣಿನ ರಸ, ಮಕ್ಕಳ ಮೂತ್ರ, ಏನೇ ಬಿದ್ದರೂ ಅಂಗಳಕ್ಕೆ ಎಳೆದು ಪೈಪಿನಿಂದ ನೀರು ಬಿಟ್ಟರೆ ಸಾಕು. ಒಳ್ಳೆಯ ಬಿಸಿಲಿದ್ದರೆ ಊಟದ ಹೊತ್ತಿಗೆ ಮತ್ತೆ ಹಾಸಬಹುದು. ಭಾನುವಾರ ಹನ್ನೊಂದಕ್ಕೆ ಒಂದು ಕುಟುಂಬ ಖಾಲಿ ಮಾಡಿ ಎರಡಕ್ಕೆ ಇನ್ನೊಂದು ಬರುವ ಮನೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಅದಕ್ಕೆ ಆಗದ ಎರಡು ವಸ್ತುಗಳೆಂದರೆ ಎಣ್ಣೆ ಮತ್ತು ಬೆಂಕಿ. ನೀರನ್ನು ಒಲ್ಲದ ಈ ಎಳೆ ಎಣ್ಣೆಯನ್ನು ಮಾತ್ರ ಅಪ್ಪಿಕೊಳ್ಳುತ್ತದೆ. ಬಜ್ಜಿ ತಿಂದ ಕೈ ತಗುಲಿದ ಜಾಗಕ್ಕೆ ಧೂಳು ಅಂಟಿ, ತೊಳೆದಷ್ಟೂ ಕಪ್ಪಾಗಿ ಕಾಣುತ್ತದೆ. ಪಾತ್ರೆ ತೊಳೆಯುವ ದ್ರವವನ್ನು ಹಚ್ಚಿ ಬೆಚ್ಚನೆಯ ನೀರಿನಲ್ಲಿ ಉಜ್ಜಿದರೆ ಮುಕ್ಕಾಲು ಪಾಲು ಹೋಗುತ್ತದೆ. ಬೆಂಕಿಯದಕ್ಕೆ ಪರಿಹಾರವೇ ಇಲ್ಲ. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಸೊಳ್ಳೆಬತ್ತಿಯ ತುದಿಯ ಶಾಖ ಅದಕ್ಕಿಂತ ಬಹಳ ಹೆಚ್ಚು. ಯಾರೋ ಅತಿಥಿಗಳು ಬತ್ತಿಯನ್ನು ತಟ್ಟೆಯಿಲ್ಲದೆ ಕಾರ್ಪೆಟ್ಟಿನ ಅಂಚಿಗೇ ಇಟ್ಟು ಮಲಗಿದ್ದರು. ಬೆಳಿಗ್ಗೆ ಅಲ್ಲೊಂದು ಕಪ್ಪು ಗಟ್ಟಿ ಕುಳಿ. ಈಗ ಅದರ ಮೇಲೆ ಟೀಪಾಯಿ ಕುಳಿತಿದೆ. ಕಿಟಕಿಯ ಬಿಸಿಲು ನೇರವಾಗಿ ಬೀಳುವ ಅಂಚಿನಲ್ಲಿ ಎಳೆ ಒಣಗಿ ಮುರಿಯತೊಡಗಿದೆ, ಸೋಫಾ ಕಾಲಿನ ಕೆಳಗೆ ಚಪ್ಪಟೆಯಾದದ್ದು ಮತ್ತೆ ಎದ್ದು ನಿಂತಿಲ್ಲ. ಇಷ್ಟಾದರೂ ಕೊಟ್ಟ ಹಣಕ್ಕೆ ಮೋಸವಿಲ್ಲ. ಕೆಲವು ವರ್ಷ ಬಾಳಿ ಹೋಗುವ ವಸ್ತು ಎಂದುಕೊಂಡೇ ಕೊಳ್ಳಬೇಕು.

ವಿಸ್ಕೋಸ್ ಹಾಸಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ರೇಷ್ಮೆಯಂತೆ ಹೊಳೆಯುತ್ತದೆ, ಫೋಟೋದಲ್ಲಿ ಕೋಣೆಯ ಬೆಲೆ ಏರಿಸುತ್ತದೆ. ಅದು ಮರದ ತಿರುಳಿನಿಂದ ತಯಾರಾದ ನೂಲು. ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ, ನೀರು ಬಿದ್ದ ಜಾಗ ಒಣಗಿದ ಮೇಲೆ ಗಡಸಾಗಿ ಹಳದಿಗೆ ತಿರುಗುತ್ತದೆ. ಸ್ನಾನದ ಮನೆಯಿಂದ ಒದ್ದೆ ಕಾಲಿನಲ್ಲಿ ನೇರ ಬರುವ ಜನರಿರುವ ಕಡೆ ಅದಕ್ಕೆ ಜಾಗವಿಲ್ಲ. ಸೆಣಬಿನದೂ ಅಷ್ಟೇ. ಬೇಸಿಗೆಯಲ್ಲಿ ಅದರಷ್ಟು ಚೆಂದದ್ದು ಇನ್ನೊಂದಿಲ್ಲ, ಆಷಾಢದ ಜಿಟಿಜಿಟಿ ಮಳೆ ಹಿಡಿದರೆ ಬೂಷ್ಟಿನ ವಾಸನೆ ಮನೆಯೆಲ್ಲ ಹರಡುತ್ತದೆ.

ನನ್ನ ಮೆಚ್ಚಿನದು ಹತ್ತಿಯ ಜಮಖಾನ. ಮದುವೆ ಮನೆಗಳಲ್ಲಿ ಊಟ ಮುಗಿದ ಮೇಲೆ ಉರುಳಿಕೊಳ್ಳಲು ಹಾಸುತ್ತಿದ್ದರಲ್ಲ, ಅದೇ ಪಟ್ಟೆ ಪಟ್ಟೆಯದು. ಗುಂಜು ಇಲ್ಲ, ಆದ್ದರಿಂದ ಮಣ್ಣು ಒಳಗೆ ಕೂರುವುದಿಲ್ಲ, ಕೊಡವಿದರೆ ಹೋಗುತ್ತದೆ. ಸಾದಾ ನೇಯ್ಗೆಯದಾದರೆ ಎರಡು ಮುಖವೂ ಒಂದೇ, ಹಾಗಾಗಿ ಒಂದು ಬದಿ ಕೊಳೆಯಾದಾಗ ಅವಸರಕ್ಕೆ ಮಗುಚಿ ಹಾಕಬಹುದು. (ಈ ಉಪಾಯವನ್ನು ಬಾಡಿಗೆ ಮನೆ ನಡೆಸುವವರೆಲ್ಲ ಬಲ್ಲರು, ಯಾರೂ ಒಪ್ಪಿಕೊಳ್ಳುವುದಿಲ್ಲ.) ಎಣ್ಣೆಯನ್ನೂ ಚಹಾವನ್ನೂ ಹೀರುತ್ತದೆ, ನಿಜ, ಆದರೆ ಬಟ್ಟೆಯ ಹಾಗೆಯೇ ನೆನೆಸಿ ಒಗೆಯಬಹುದು.

ತೊಂದರೆ ಇರುವುದು ಭಾರದಲ್ಲಿ. ಚದರ ಮೀಟರಿಗೆ 1200 ಗ್ರಾಂ ತೂಗುವ ಜಮಖಾನವನ್ನೇ ತೆಗೆದುಕೊಳ್ಳಿ. 6 ಅಡಿಗೆ 9 ಅಡಿಯದು ಒಣಗಿದ್ದಾಗಲೇ ಸುಮಾರು 6 ಕಿಲೋ. ನೆನೆದ ಮೇಲೆ ಅದರ ಎರಡು ಪಟ್ಟಿಗೂ ಹೆಚ್ಚು. ನೀರು ಸೋರುವ ದೊಡ್ಡ ಜಮಖಾನವನ್ನು ಎತ್ತುವುದೆಂದರೆ ನಿದ್ದೆ ಹೋದ ಮಗುವನ್ನು ಎತ್ತಿದಂತೆ. ಎಲ್ಲಿ ಹಿಡಿದರೂ ಇನ್ನೊಂದು ಕಡೆ ಜಾರುತ್ತದೆ. ನಮ್ಮ ಮನೆ ನೋಡಿಕೊಳ್ಳುವ ಹೆಂಗಸು ಒಬ್ಬರೇ ಈ ಕೆಲಸ ಮಾಡಬೇಕು. ಅವರು ದೊಡ್ಡದನ್ನು ಒಮ್ಮೆ ಒಗೆದು, ಇನ್ನು ಇಂಥದ್ದು ತಂದರೆ ಒಗೆಯುವುದಕ್ಕೂ ನೀವೇ ಬನ್ನಿ ಎಂದು ನೇರವಾಗಿ ಹೇಳಿದರು. ನ್ಯಾಯವಾದ ಮಾತು. ಅಂದಿನಿಂದ 4 ಅಡಿಗೆ 6 ಅಡಿಗಿಂತ ದೊಡ್ಡದನ್ನು ಕೊಳ್ಳುವುದಿಲ್ಲ. ಜಾಗ ದೊಡ್ಡದಿದ್ದರೆ ಎರಡನ್ನು ಪಕ್ಕಪಕ್ಕಕ್ಕೆ ಹಾಸುತ್ತೇವೆ. ಅಳತೆಗೆ ತಕ್ಕ ಇನ್ನೊಂದು ಜೊತೆ ಯಾವಾಗಲೂ ಬೀರುವಿನಲ್ಲಿರುತ್ತದೆ. ಮಳೆಗಾಲದಲ್ಲಿ ಹತ್ತಿ ಒಣಗಲು ಒಂದು ದಿನ ಸಾಲುವುದಿಲ್ಲ.

ಒಣಹಾಕುವಾಗ ಕೋತಿಗಳ ಲೆಕ್ಕವೂ ಇರಬೇಕು. ದುರ್ಗದ ಕೋತಿಗಳಿಗೆ ಜಮಖಾನದ ಅಂಚಿನ ಕುಚ್ಚೆಂದರೆ ಎಲ್ಲಿಲ್ಲದ ಪ್ರೀತಿ. ಕುಚ್ಚಿಲ್ಲದೆ ಅಂಚು ಮಡಿಸಿ ಹೊಲಿದದ್ದನ್ನೇ ಆರಿಸಿಕೊಳ್ಳಿ.

ನವಲಗುಂದದ ಜಮಖಾನವೂ ಒಂದಿದೆ. ಧಾರವಾಡ ಜಿಲ್ಲೆಯ ಆ ಊರಿನಲ್ಲಿ ಹೆಂಗಸರೇ ನೇಯುವ, ಭೌಗೋಳಿಕ ಸೂಚಿಕೆ ಪಡೆದ ಕಸುಬು ಅದು. ನವಿಲು, ಪಗಡೆಹಾಸಿನ ಚಿತ್ತಾರ, ಕಣ್ಣು ಕುಕ್ಕುವ ಕೆಂಪು ಹಳದಿ. ಅದನ್ನು ನೆಲಕ್ಕೆ ಹಾಕದೆ ನಡುಮನೆಯ ಗೋಡೆಗೆ ತೂಗುಹಾಕಿದ್ದೇನೆ. ನೆಲಕ್ಕೆ ಹಾಸಲು ಬಾರದಷ್ಟು ನಾಜೂಕಿನದೇನಲ್ಲ, ಗಟ್ಟಿಮುಟ್ಟಾದ ನೇಯ್ಗೆ. ಆದರೆ ಸೊಳ್ಳೆಬತ್ತಿಯವರನ್ನು ಕಂಡ ಮೇಲೆ ನನಗೆ ಧೈರ್ಯವಿಲ್ಲ.

ಚಳಿಗಾಲಕ್ಕೆಂದು ಒಂದು ಕೋಣೆಯಲ್ಲಿ ಶಿರಾ ಕಡೆಯ ಕರಿ ಕಂಬಳಿ ಹಾಸಿದ್ದೆ. ಕುರಿಯ ಉಣ್ಣೆಯ ಸಹಜ ಬಣ್ಣ, ಮಗ್ಗದ ಉದ್ದೆಳೆಗೆ ಹುಣಸೆ ಬೀಜದ ಗಂಜಿ ಹಾಕಿ ನೇಯ್ದದ್ದು. ಹೊಸದರಲ್ಲಿ ಒರಟು, ಚುಚ್ಚುತ್ತದೆ, ಬಳಸಿದಷ್ಟೂ ಹದವಾಗುತ್ತದೆ. ಉಣ್ಣೆ ಸುಲಭವಾಗಿ ಹೊತ್ತಿ ಉರಿಯುವುದಿಲ್ಲ, ಕಿಡಿ ಬಿದ್ದರೂ ಕರಕಲಾಗಿ ಆರುತ್ತದೆ. ಕೊಳೆ ತೋರಿಸುವುದಿಲ್ಲ. ಇಷ್ಟೆಲ್ಲ ಒಳ್ಳೆಯ ಗುಣಗಳಿದ್ದರೂ ಅದನ್ನು ನೆಲದಿಂದ ಎತ್ತಿ ದಿವಾನದ ಮೇಲೆ ಹಾಕಬೇಕಾಯಿತು. ಕಂಬಳಿಯ ಗದ್ದಿಗೆ ಹಾಕಿ ದೇವರನ್ನು ಕೂರಿಸುವ ಸೀಮೆ ಇದು. ಅದರ ಮೇಲೆ ಚಪ್ಪಲಿ ಕಾಲಿನಲ್ಲಿ ಓಡಾಡುವುದನ್ನು ಕಂಡರೆ ಊರಿನವರಿಗೆ ಕಸಿವಿಸಿ. ನನಗೂ ಆಯಿತು. ದಿವಾನದ ಮೇಲೆ ಅದು ಸೊಗಸಾಗಿದೆ. ಬಿಸಿಲಿಗೆ ಹಾಕುತ್ತಿದ್ದರೆ ನುಸಿ ಹತ್ತಿರ ಬರುವುದಿಲ್ಲ. ಮಡಚಿ ಕತ್ತಲಲ್ಲಿ ಇಟ್ಟು ಮರೆತರೆ ತೂತು ಖಂಡಿತ.

ಜಗುಲಿಗೆ ಮತ್ತು ಬಾಗಿಲಿಗೆ ತೆಂಗಿನ ನಾರಿನ ಹಾಸು. ತಿಪಟೂರು, ಗುಬ್ಬಿ, ತುರುವೇಕೆರೆಗಳಿರುವ ಜಿಲ್ಲೆಯಲ್ಲಿ ಬೇರೆ ಏನನ್ನಾದರೂ ಹಾಕುವುದೇ ನಾಚಿಕೆಗೇಡು. ಬೂಟಿನ ಮಣ್ಣನ್ನು ಇದರಷ್ಟು ಚೆನ್ನಾಗಿ ಕೆರೆದು ತೆಗೆಯುವ ವಸ್ತು ನಾನು ಕಂಡಿಲ್ಲ, ನೀರಿಗೆ ಬೇಗ ಕೊಳೆಯುವುದೂ ಇಲ್ಲ. ಕೊಳ್ಳುವಾಗ ಬೆನ್ನಿಗೆ ಪಿವಿಸಿ ಅಂಟಿಸಿದ್ದನ್ನು ಬಿಟ್ಟು ಬರೀ ನಾರಿನದನ್ನು ಕೇಳಿ. ಪಿವಿಸಿ ಇದ್ದರೆ ಇರಚಲಿನ ನೀರು ಕೆಳಗೇ ನಿಂತು ನೆಲದಲ್ಲಿ ಬಿಳಿ ಗುರುತು ಬೀಳುತ್ತದೆ. ಇನ್ನು ಮಳೆಗಾಲದಲ್ಲಿ ಹೊರಗಿನ ಯಾವ ಹಾಸನ್ನೂ ಬರಿಗೈಯಿಂದ ಎತ್ತಬಾರದು. ಜರಿಗಳಿಗೂ ಚೇಳುಗಳಿಗೂ ಅದು ಬೆಚ್ಚನೆಯ ಮನೆ. ಕೋಲಿನಿಂದ ಮಗುಚಿ ಎಂದು ಅತಿಥಿಗಳಿಗೂ ಬರೆದು ಅಂಟಿಸಿದ್ದೇನೆ.

ಕಲೆಗಳ ವಿಷಯದಲ್ಲಿ ಎರಡು ಮಾತು. ಕೆಂಪು ಮಣ್ಣನ್ನು ಹಸಿಯಿದ್ದಾಗ ಉಜ್ಜಬೇಡಿ, ಎಳೆಯ ಒಳಕ್ಕೆ ಇಳಿಯುತ್ತದೆ. ಪೂರ್ತಿ ಒಣಗಲು ಬಿಟ್ಟು ಕೊಡವಿ, ಉಳಿದದ್ದನ್ನು ಮಾತ್ರ ತೊಳೆಯಿರಿ. ಈ ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದು; ಬ್ಲೀಚಿಂಗ್ ಹಾಕಿದರೆ ಕಲೆ ಹೋಗುವ ಬದಲು ಇನ್ನಷ್ಟು ಗಟ್ಟಿಯಾಗುತ್ತದೆ. ಸಾರು, ಪಲ್ಯದ ಅರಿಶಿನಕ್ಕೆ ಸೋಪು ತಗುಲಿದ ಕೂಡಲೇ ಕಲೆ ಕುಂಕುಮದ ಬಣ್ಣಕ್ಕೆ ತಿರುಗುತ್ತದೆ, ನೋಡಿದವರು ಗಾಬರಿಯಾಗುತ್ತಾರೆ. ಗಾಬರಿ ಬೇಡ. ಕ್ಷಾರಕ್ಕೆ ಅರಿಶಿನ ಹಾಗೆ ಮಾಡುತ್ತದೆ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿದರೆ ಅದರ ಬಣ್ಣ ತಾನಾಗಿ ಮಾಸುತ್ತದೆ. ಎಣ್ಣೆಯ ಅಂಶವನ್ನು ಮೊದಲು ತೆಗೆದಿರಬೇಕು, ಅಷ್ಟೇ.

ನುಣುಪಾದ ರೆಡ್ ಆಕ್ಸೈಡ್ ಮೇಲೆ ಜಮಖಾನ ಜಾರುತ್ತದೆ. ಹಿರಿಯರು ಬರುವ ಮನೆಯಲ್ಲಿ ಇದನ್ನು ಹಗುರವಾಗಿ ನೋಡಬಾರದು. ಬೆನ್ನಿಗೆ ಲೇಟೆಕ್ಸ್ ಹಚ್ಚಿದ ಹಾಸು ಜಾರುವುದಿಲ್ಲವಾದರೂ ಕಾಲ ಕಳೆದಂತೆ ಆ ಪದರ ಪುಡಿಯಾಗಿ ನೆಲಕ್ಕೆ ಅಂಟುತ್ತದೆ, ಒಗೆತವನ್ನೂ ತಾಳುವುದಿಲ್ಲ. ಜಾಲರಿಯಂಥ ಬೇರೆಯದೇ ಜಾರುತಡೆ ಹಾಳೆ ಕೊಂಡು, ಹಾಸಿಗಿಂತ ಎರಡು ಬೆರಳು ಒಳಗೆ ಬರುವಂತೆ ಕತ್ತರಿಸಿ ಕೆಳಗೆ ಹಾಕಿ. ಮಂಚದ ಎರಡೂ ಬದಿಗೆ 2 ಅಡಿಗೆ 5 ಅಡಿಯ ಸಣ್ಣ ಹಾಸು ಸಾಕು. ಮಂಚದ ಅಡಿಯಲ್ಲಿ ಅಡಗಿರುವ ಕಾರ್ಪೆಟ್ಟಿಗೆ ದುಡ್ಡು ಕೊಡುವುದು ಧೂಳಿಗೆ ಹಾಸಿಗೆ ಹಾಕಿದಂತೆಯೇ ಸರಿ.

ಈಗ ಹೊಸದಾಗಿ ಕೊಳ್ಳುವುದಾದರೆ ನಡುಮನೆಗೂ ಜಮಖಾನವನ್ನೇ ಹಾಕುತ್ತೇನೆ. ಊಟದ ಮೇಜಿನ ಕೆಳಗೆ ಏನನ್ನೂ ಹಾಕುವುದಿಲ್ಲ, ಅಲ್ಲಿ ನೆಲ ಒರೆಸುವುದೇ ಸುಲಭ. ಬಣ್ಣದಲ್ಲಿ ಇಟ್ಟಿಗೆಗೆಂಪು, ಕಂದು, ಕಡುನೀಲಿ ಪಟ್ಟೆಗಳೇ ಈ ಊರಿನ ಮಣ್ಣಿಗೆ ಸರಿ. ಕೆನೆಬಿಳಿಯನ್ನು ಯಾರು ಎಷ್ಟು ಒತ್ತಾಯಿಸಿದರೂ ಬೇಡ. ದುಡ್ಡು ಕೊಡುವ ಮೊದಲು ಒಂದು ಬಿಳಿ ಕರವಸ್ತ್ರವನ್ನು ನೀರಿನಲ್ಲಿ ಅದ್ದಿ ಜಮಖಾನದ ಕೆಂಪು ಪಟ್ಟೆಯ ಮೇಲೆ ಒತ್ತಿ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಮೊದಲ ಒಗೆತಕ್ಕೇ ಪಕ್ಕದ ಪಟ್ಟೆಯೂ ಕೆಂಪಾಗುತ್ತದೆ. ಉಜ್ಜಲು ಬಿಡದ ಅಂಗಡಿಯಲ್ಲಿ ಕೊಳ್ಳುವ ಅಗತ್ಯವಿಲ್ಲ.