ಸಂಸದರ ನಿಧಿ: ಊರಿನ ರಸ್ತೆಗೆ ಎಷ್ಟು ಉಪಯೋಗ?
ಕ್ಷೇತ್ರದ ಕೆಲಸಗಳಿಗೆ ಶಿಫಾರಸು ಮಾಡಲು ಒಬ್ಬ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ. ಅವರ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಸಮನಾಗಿ ಹಂಚಿದರೆ ಒಂದಕ್ಕೆ 62.5 ಲಕ್ಷ. ಹಾಗಾಗಿ ಕಿಲೋಮೀಟರುಗಟ್ಟಲೆ ಡಾಂಬರು ಕೇಳಬೇಡಿ. ಶಾಲೆ ದಾರಿಯ ಕಾಂಕ್ರೀಟ್, ಹಳ್ಳದ ಮೋರಿ, ಸಮುದಾಯ ಭವನಕ್ಕೆ ಇದು ಹೇಳಿ ಮಾಡಿಸಿದಂತಿದೆ.

ಸಂಸದರ ಶಿಫಾರಸು ತಲುಪಿದ 45 ದಿನದೊಳಗೆ ಜಿಲ್ಲಾಡಳಿತ ಮಂಜೂರು ಮಾಡಬೇಕು ಎಂಬ ನಿಯಮವೇ ಇದರ ದೊಡ್ಡ ಬಲ. ಆದರೆ ಶಿಫಾರಸು ಸಂಸದರ ಇಚ್ಛೆ, ಅದೇ ದೊಡ್ಡ ಕೊರತೆ.

ಸಂಸದರಿಗೆ ಕೊಡುವ ಅರ್ಜಿ ಸಿಕ್ಕಿಕೊಳ್ಳುವುದು ಜಾಗದ ವಿಷಯದಲ್ಲಿ. ‘ಊರ ರಸ್ತೆ’ ಎಂದರೆ ಸಾಲದು: ಯಾರ ಮನೆಯಿಂದ ಎಲ್ಲಿಯವರೆಗೆ, ಎಷ್ಟು ಮೀಟರ್ ಉದ್ದ, ಅಗಲ, ಯಾವ ಸರ್ವೆ ನಂಬರ್ ಎಂದು ಬರೆಯಿರಿ. ಎಲ್ಲರೂ ಓಡಾಡುವ ಬಂಡಿದಾರಿ ಪಹಣಿಯಲ್ಲಿ ಇನ್ನೂ ರೈತರೊಬ್ಬರ ಹೆಸರಲ್ಲಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಮೊದಲು ಅದನ್ನು ಬಗೆಹರಿಸಿ, ಪಂಚಾಯಿತಿ ಠರಾವು ಲಗತ್ತಿಸಿ. ದೇವಸ್ಥಾನದ ಒಳಗಿನ ಕೆಲಸಕ್ಕೆ ಈ ಹಣ ಸಿಗುವುದಿಲ್ಲ.